ನಾಲ್ಕನೇ ನಿಂಬೆಹಣ್ಣು

ನನ್ನ ಅಣ್ಣ ಜೀವಮಾನದಲ್ಲಿ ಒಂದೇ ಒಂದು ತಪ್ಪನ್ನೂ ಮಾಡಿದವನಲ್ಲ. ಇದು ನನ್ನ ಅಭಿಪ್ರಾಯವಲ್ಲ, ಅವನದು. ಸಾರಿಗೆ ಉಪ್ಪು ಹೆಚ್ಚಾದರೆ ಅದು ಅತ್ತಿಗೆಯ ತಪ್ಪು, ಕಡಿಮೆಯಾದರೆ ಬಿಪಿ ಡಾಕ್ಟರ ತಪ್ಪು. ಜಯನಗರದ ನಮ್ಮ ಮನೆಯಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲದಿರುವುದು ತೀರಿಹೋದ ನಮ್ಮಪ್ಪನ ತಪ್ಪು. ಸೈಕಲ್ಲಿನಲ್ಲಿ ಓಡಾಡಿಕೊಂಡು ಮನೆ ಕಟ್ಟಿಸಿದ ಮನುಷ್ಯ ಮುಂದೊಂದು ದಿನ ಮಗ ಕಾರು ಕೊಳ್ಳುತ್ತಾನೆಂದು ಊಹಿಸಬೇಕಿತ್ತಂತೆ. ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತನಾದ ಮೇಲೆ ಬೈಯಲು ಗುಮಾಸ್ತರು ಸಿಗದೆ ಅಷ್ಟೂ ನಮ್ಮ ಪಾಲಿಗೇ ಬಂತು. ಅಂಥವನ ಕಾರು ಒಂದು ಆಯುಧಪೂಜೆಯ ದಿನ ನಮ್ಮ ಚಿಕ್ಕಮ್ಮನ ಬಲಗೈ ಮೇಲೆ ಹತ್ತಿತು.

ಚಿಕ್ಕಮ್ಮ ನಮ್ಮಮ್ಮನ ಕೊನೆಯ ತಂಗಿ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ "ಪುರುಸೊತ್ತಾಗ್ಲಿಲ್ಲ" ಎನ್ನುತ್ತಾಳೆ. ಬನಶಂಕರಿಯಲ್ಲಿ ಒಂದು ಮನೆಯ ಹಿಂದಿನ ಔಟ್‌ಹೌಸಿನಲ್ಲಿ ಬಾಡಿಗೆಗಿದ್ದು, ಆರ್ಡರಿನ ಮೇಲೆ ಹೋಳಿಗೆ, ಚಕ್ಕುಲಿ, ಕೋಡುಬಳೆ ಮಾಡಿಕೊಟ್ಟು ಬದುಕುವವಳು. ಹಬ್ಬದ ಹಿಂದಿನ ದಿನ ಫೋನ್ ಮಾಡಿ ಹೋಳಿಗೆ ಕೇಳಿದವರು ಬೈಸಿಕೊಳ್ಳುವುದು ಗ್ಯಾರಂಟಿ. ಮುಂದಿನ ಹಬ್ಬಕ್ಕೆ ಮತ್ತೆ ಅವರೇ ಕೇಳುತ್ತಾರೆ, ಕೈರುಚಿ ಹಾಗಿದೆ. ಆ ಔಟ್‌ಹೌಸಿನಲ್ಲಿ ಅವಳು ರೇಡಿಯೊವನ್ನು ಬೀದಿಗೆಲ್ಲ ಕೇಳುವಂತೆ ಹಾಕುತ್ತಾಳೆ, ಬೇಕಾದಾಗ ಮಲಗುತ್ತಾಳೆ, ಆಗಾಗ ಬೇಕರಿಯಿಂದ ಎಗ್ ಪಫ್ಸ್ ತಂದು, ಬಾಗಿಲು ಹಾಕಿಕೊಂಡು, ಟೊಮ್ಯಾಟೊ ಸಾಸ್ ಸುರಿದುಕೊಂಡು ತಿನ್ನುತ್ತಾಳೆ. ಮೊಟ್ಟೆಯ ಹೆಸರೆತ್ತಿದರೆ ಅಡುಗೆಮನೆ ತೊಳೆಸುವ ನಮ್ಮ ವಂಶದಲ್ಲಿ ಈ ಸಂಗತಿ ಗೊತ್ತಿದ್ದವಳು ನಾನೊಬ್ಬಳೇ. ಎರಡನೆಯ ಪಫ್ಸ್ ನನ್ನದಾಗಿರುತ್ತಿತ್ತು.

ಅವತ್ತು ಅಣ್ಣನ ಹೊಸ ಕಾರಿಗೆ ಮೊದಲ ಆಯುಧಪೂಜೆ. ಮನೆಯ ಮುಂದಿನ ರಸ್ತೆಯಲ್ಲೇ ಕಾರು ತೊಳೆದು ನಿಲ್ಲಿಸಿ, ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕಿ, ನಾಲ್ಕು ಚಕ್ರಕ್ಕೂ ಒಂದೊಂದು ನಿಂಬೆಹಣ್ಣು ಇಟ್ಟಿದ್ದೆವು. ಗಂಧ ಕುಂಕುಮ ಹಚ್ಚುವ ಕೆಲಸ ಚಿಕ್ಕಮ್ಮನದು. ಅವಳು ದೀಪಗಳಿಗೆ, ಕನ್ನಡಿಗಳಿಗೆ, ನಂಬರ್ ಪ್ಲೇಟಿಗೆ ಹಚ್ಚಿ, ಕೊನೆಗೆ ಹಿಂಭಾಗದಲ್ಲಿ ಕಂಡ ಒಂದು ಪುಟ್ಟ ಗಾಜಿನ ಗುಂಡಿಗೂ ದಪ್ಪಗೆ ಗಂಧ ಬಳಿದು ಕುಂಕುಮ ಇಟ್ಟಳು. ಅದು ಕಾರು ಹಿಂದೆ ಹೋಗುವಾಗ ದಾರಿ ತೋರಿಸುವ ಕ್ಯಾಮೆರಾ.

ಪೂಜೆಯಾದ ಮೇಲೆ ಕಾರು ಮುಂದಕ್ಕೆ ಹೋಗಿ ನಿಂಬೆಹಣ್ಣುಗಳನ್ನು ತುಳಿಯುವುದು ಪದ್ಧತಿ. ಆದರೆ ಕಾರಿನ ಮೂತಿಗೆ ತಾಗಿಸಿದಂತೆ ಯಾರೋ ತಮ್ಮ ಗಾಡಿ ನಿಲ್ಲಿಸಿ ಹೋಗಿದ್ದರು. ಹಾಗಾಗಿ ನಿಂಬೆಹಣ್ಣುಗಳನ್ನು ಚಕ್ರದ ಹಿಂದೆ ಇಟ್ಟು, ಅಣ್ಣ ಕಾರನ್ನು ಹಿಂದಕ್ಕೆ ಬಿಟ್ಟ. ಮೂರು ನಿಂಬೆಹಣ್ಣು ಪಚಕ್ಕೆಂದವು. ನಾಲ್ಕನೆಯದು ಉರುಳಿ ಆಚೆ ಹೋಯಿತು. ಗೇಟಿನ ಬಳಿ ನಿಂತಿದ್ದ ಅತ್ತಿಗೆ, "ಅಯ್ಯೋ, ಒಂದು ಒಡೀಲೇ ಇಲ್ಲ! ಹಾಗೇ ಬಿಟ್ರೆ ಒಳ್ಳೇದಲ್ಲ" ಎಂದು ಕೂಗಿದರು. ಕಾರು ನಿಂತಿತು. ಚಿಕ್ಕಮ್ಮ ನಿಂಬೆಹಣ್ಣನ್ನು ಹೆಕ್ಕಿಕೊಂಡು ಬಂದು ಹಿಂದಿನ ಚಕ್ರದ ಬುಡಕ್ಕೆ ಇಡಲು ಬಗ್ಗಿದಳು. ಅಷ್ಟರಲ್ಲಿ ಅಣ್ಣ ಮತ್ತೆ ಹಿಂದಕ್ಕೆ ಬಿಟ್ಟ. ಕಾರು ಬೀಪ್ ಬೀಪ್ ಎಂದು ಬಡಿದುಕೊಂಡಿತು. ಪರದೆಯಲ್ಲಿ ಕುಂಕುಮ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ನಾನು ಕೈಯಲ್ಲಿದ್ದ ಹಿತ್ತಾಳೆಯ ಮಂಗಳಾರತಿ ತಟ್ಟೆಯನ್ನು ಬಾನೆಟ್ಟಿನ ಮೇಲೆ ಎಸೆದು ಕಿರುಚಿದೆ. ಕಾರು ನಿಂತಿತು, ಆದರೆ ಆ ಹೊತ್ತಿಗೆ ನಾಲ್ಕನೇ ನಿಂಬೆಹಣ್ಣು ಒಡೆದಾಗಿತ್ತು, ಚಿಕ್ಕಮ್ಮನ ಮಣಿಕಟ್ಟೂ ಒಡೆದಾಗಿತ್ತು.

ಹಾರ, ಬಾಳೆಕಂದಿನ ಸಮೇತ ಅದೇ ಕಾರಿನಲ್ಲಿ ಆಸ್ಪತ್ರೆಗೆ ಹೊರಟೆವು. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದ ಆಟೊದವನು "ಹೊಸ ಗಾಡೀನಾ ಸಾರ್? ಸ್ವೀಟ್ ಎಲ್ಲಿ?" ಎಂದು ಕೇಳಿದ. ಹಿಂದಿನ ಸೀಟಿನಲ್ಲಿ ಅತ್ತಿಗೆ, ಪೊಲೀಸು ಗಿಲೀಸು ಎಂದಾದರೆ ನಮ್ಮಂಥವರ ಮರ್ಯಾದೆಯ ಗತಿಯೇನು, ನಮ್ಮ ಮನೆತನದಲ್ಲಿ ಠಾಣೆಯ ಮೆಟ್ಟಿಲು ಹತ್ತಿದವರು ಯಾರಿದ್ದಾರೆ ಎಂದು ಒಂದೇ ಸಮನೆ ಹೇಳುತ್ತಿದ್ದರು. ಚಿಕ್ಕಮ್ಮ ಹಲ್ಲು ಕಚ್ಚಿಕೊಂಡು ಕೇಳಿಸಿಕೊಂಡಳು.

"ಏನಾಯ್ತು ಆಂಟಿ?" ಎಂದ ಡ್ಯೂಟಿಯಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರು.

"ಬಚ್ಚಲಲ್ಲಿ ಜಾರ್ಬಿದ್ದೆ" ಎಂದಳು ಚಿಕ್ಕಮ್ಮ.

ಡಾಕ್ಟರು ಸುತ್ತಿದ್ದ ಬಟ್ಟೆ ಬಿಚ್ಚಿ ನೋಡಿದ. ಕೈಮೇಲೆ ಟೈರಿನ ಅಚ್ಚು ನೀಟಾಗಿ ಮೂಡಿತ್ತು. ಕುಂಕುಮವಿತ್ತು. ಒಂದು ನಿಂಬೆಬೀಜವೂ ಅಂಟಿಕೊಂಡಿತ್ತು. "ನಿಮ್ಮನೇಲಿ ಕಾರು ಬಚ್ಚಲಲ್ಲಿ ನಿಲ್ಲಿಸ್ತೀರಾ?" ಎಂದು ಕೇಳಿದ.

"ಅವರು ಹೇಳಿದ್ದನ್ನ ಬರ್ಕೊಳ್ಳಿ ಡಾಕ್ಟ್ರೇ" ಎಂದರು ಅತ್ತಿಗೆ. ಅವನು ಚಿಕ್ಕಮ್ಮ ಹೇಳಿದ್ದನ್ನೂ ಬರೆದುಕೊಂಡ, ಕಂಡದ್ದನ್ನೂ ಬರೆದುಕೊಂಡ. ಅವನ ಹೊಟ್ಟೆ ತಣ್ಣಗಿರಲಿ.

ಆಪರೇಷನ್ ಮಾಡಿ, ಒಳಗೆ ಪ್ಲೇಟು ಕೂರಿಸಿ, ಬೆರಳು ಆಡುತ್ತವೆ ಆದರೆ ಹಿಡಿತ ಮೊದಲಿನಂತೆ ಬರುವುದು ಕಷ್ಟ ಎಂದರು. ಹೂರಣದ ಉಂಡೆಯನ್ನು ಕಣಕದೊಳಗಿಟ್ಟು ತಟ್ಟಲು, ಚಕ್ಕುಲಿಯ ಒರಳು ಒತ್ತಲು ಬೇಕಾಗಿದ್ದದ್ದು ಆ ಹಿಡಿತವೇ. ಚಿಕ್ಕಮ್ಮನನ್ನು ಜಯನಗರಕ್ಕೆ ಕರೆತಂದರು. ಅಲ್ಲಿ ಮೊದಲ ದಿನದಿಂದಲೇ ನ್ಯಾಯಾಲಯ ಶುರುವಾಯಿತು. ಕ್ಯಾಮೆರಾಕ್ಕೆ ಗಂಧ ಮೆತ್ತಿದವರು ಯಾರು, ಒಡೆಯದ ನಿಂಬೆಹಣ್ಣಿನ ವಿಷಯ ಎತ್ತಿದವರು ಯಾರು, ಎದುರಿಗೆ ಕಾರು ನಿಲ್ಲಿಸಿ ಹೋದ ಅಡ್ಡಕಸಬಿ ಯಾರು. ಬೀಪ್ ಸದ್ದಿನ ಬಗ್ಗೆ ಕೇಳಿದರೆ ಅಣ್ಣ, "ಬಾಳೆಕಂದು ಕಟ್ಟಿದ್ರಿಂದ ಬೆಳಿಗ್ಗೆಯಿಂದ ಹಾಗೇ ಬಡ್ಕೊಳ್ತಿತ್ತು, ಕಂಪನಿಯವರ ತಪ್ಪು" ಎಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಡೀ ಜಯನಗರವೇ ಡೊಂಕಾಗಿತ್ತು, ನಮ್ಮಣ್ಣನೊಬ್ಬ ನೆಟ್ಟಗಿದ್ದ.

ಅತ್ತಿಗೆ ಕೆಟ್ಟವರಲ್ಲ. ಆಸ್ಪತ್ರೆಯಲ್ಲಿ ಚಿಕ್ಕಮ್ಮನ ತಲೆ ಬಾಚಿದವರು ಅವರೇ. ಆದರೆ ಮನೆಗೆ ಬರುತ್ತಿದ್ದಂತೆ ಅಡುಗೆಮನೆಯ ಪಕ್ಕದ ಕೋಣೆಯನ್ನು ಖಾಲಿ ಮಾಡಿಸಿ, "ಇನ್ನು ಆ ಔಟ್‌ಹೌಸ್ ಯಾಕೆ ಚಿಕ್ಕಮ್ಮ? ಇಲ್ಲೇ ಇದ್ಬಿಡಿ. ಕೈ ಆಗದೇ ಇದ್ರೂ ಬಾಯಿ ಇದೆಯಲ್ಲ, ಕೂತ್ಕೊಂಡು ಹೇಳ್ಕೊಡಿ, ಮಾಡೋರು ನಾವಿದೀವಿ" ಎಂದರು. ಆ ಮಾಡೋರಲ್ಲಿ ಅವರು ಸೇರಿರಲಿಲ್ಲ, ಕೆಲಸದವಳು ಸೇರಿದ್ದಳು.

ಅವರು ಹೊರಗೆ ಹೋದಾಗ ಚಿಕ್ಕಮ್ಮ ನನ್ನ ಕೈ ಹಿಡಿದುಕೊಂಡಳು. "ಆ ಮನೆ ಬಿಟ್ರೆ ನಾನು ಸತ್ತ ಹಾಗೇನೇ ಕಣೇ" ಎಂದಳು. ನಾನು ಬಿಳೇಕಹಳ್ಳಿಯ ನನ್ನ ಬಾಡಿಗೆ ಮನೆಗೆ ಬಾ ಎಂದೆ. "ನಿನ್ನ ಮನೆ ನಿಂದು. ನನಗೆ ನನ್ನ ಮನೆ ಬೇಕು." ಅಣ್ಣ ಬಾಡಿಗೆ ಕಟ್ಟುತ್ತಾನಂತೆ ಎಂದೆ. "ಕಟ್ಟಿ, ಬಂದು ಕೂತ್ಕೊಂಡು ನನ್ನ ತಪ್ಪೆಲ್ಲಾ ಎಣಿಸ್ತಾನೆ. ಬೇಡವೇ ಬೇಡ." ಔಟ್‌ಹೌಸಿನ ಮಾಲೀಕರು ಒಳ್ಳೆಯವರು, ಸ್ವಲ್ಪ ದಿನ ಕಾಯುತ್ತೇವೆ ಎಂದಿದ್ದರು. ಸ್ವಲ್ಪ ದಿನವೆಂದರೆ ಎಷ್ಟು ಎಂದು ಕೇಳುವ ಧೈರ್ಯ ನಮಗಿಬ್ಬರಿಗೂ ಇರಲಿಲ್ಲ.

ಹೀಗಿರುವಾಗ ಅಣ್ಣ ಒಂದು ಘನಕಾರ್ಯ ಮಾಡಿದ. ನನ್ನ ಮಂಗಳಾರತಿ ತಟ್ಟೆ ಬಿದ್ದು ಬಾನೆಟ್ಟು ತಗ್ಗಾಗಿತ್ತಲ್ಲ, ಅದಕ್ಕೆ ಇನ್ಶೂರೆನ್ಸಿನಲ್ಲಿ ದುಡ್ಡು ಕೇಳಿದ. ಕಂಪನಿಯವನು ಬಂದು ಫೋಟೊ ಹೊಡೆದುಕೊಂಡು ಹೋಗಿ ತಕರಾರಿಲ್ಲದೆ ಮಂಜೂರು ಮಾಡಿಸಿದ. ನನಗೆ ಮೈಯೆಲ್ಲ ಉರಿಯಿತು. ಬಾನೆಟ್ಟಿನ ತಗ್ಗಿಗೆ ಇನ್ಶೂರೆನ್ಸ್ ಇದೆ, ಚಿಕ್ಕಮ್ಮನ ಕೈಗೆ ಇಲ್ಲವೇ? ಅವತ್ತೇ ವಕೀಲರನ್ನು ಹುಡುಕಲು ಹೊರಟೆ.

ದಕ್ಷಿಣ ಬೆಂಗಳೂರಿನಲ್ಲಿ ಕಾನೂನು ಸಲಹೆ ಕೊಡುವವರಿಗೆ ಬರವಿಲ್ಲ, ವಕೀಲರಿಗೆ ಮಾತ್ರ ಬರ. ಪಾರ್ಕಿನಲ್ಲಿ ವಾಕ್ ಮಾಡುವ ಅಣ್ಣನ ಸ್ನೇಹಿತರು ನನ್ನನ್ನು ಕಲ್ಲುಬೆಂಚಿನ ಮೇಲೆ ಕೂರಿಸಿಕೊಂಡು, ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನು ಸರದಿಯ ಮೇಲೆ ಹೇಳಿದರು. ಒಬ್ಬರು ದೃಷ್ಟಿ ತೆಗೆಸಿದರೆ ಸಾಕು ಎಂದರು. ಆಸ್ಪತ್ರೆಗೆ ಹೊಲಿಗೆ ಬಿಚ್ಚಿಸಲು ಹೋದಾಗ ಗೇಟಿನಲ್ಲಿ ಒಬ್ಬ ಬಿಳಿ ಅಂಗಿಯವನು ಕೈಗೆ ಕಾರ್ಡು ತುರುಕಿ, "ಆಕ್ಸಿಡೆಂಟಾ ಮೇಡಂ? ಎಲ್ಲಾ ನಾವೇ ನೋಡ್ಕೊತೀವಿ. ಅಮ್ಮನ್ನ ಸ್ವಲ್ಪ ಜಾಸ್ತಿ ನರಳೋಕೆ ಹೇಳಿ" ಎಂದ. ಚಿಕ್ಕಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನಿನಗ್ಯಾಕಪ್ಪಾ ಅಷ್ಟು ಕಷ್ಟ, ನೀನೇ ನರಳ್ಬಿಡು" ಎಂದಳು.

ಕೊನೆಗೆ ನಾನು ಪಾಠ ಮಾಡುವ ಶಾಲೆಯ ಸಹೋದ್ಯೋಗಿಯೊಬ್ಬರು ಸುದ್ದಗುಂಟೆಪಾಳ್ಯದ ಒಬ್ಬ ವಕೀಲೆಯ ವಿಳಾಸ ಕೊಟ್ಟರು. ಜಿಮ್ಮಿನ ಮೇಲಿನ ಮಹಡಿ. ಕೆಳಗೆ ಯಾರಾದರೂ ಭಾರ ಎತ್ತಿ ಇಳಿಸಿದಾಗಲೆಲ್ಲ ಅವರ ಮೇಜಿನ ಮೇಲಿನ ಪೆನ್ನುಗಳು ಕುಣಿಯುತ್ತಿದ್ದವು. ನಾನು ನಿಂಬೆಹಣ್ಣಿನಿಂದ ಶುರುಮಾಡಿ, ಕುಂಕುಮ, ಬಾಳೆಕಂದು, ಎದುರಿನ ಕಾರು, ಯಾರ ತಪ್ಪು ಎಷ್ಟು ಎಂದು ವಿವರಿಸತೊಡಗಿದೆ. ಆಕೆ ಕೈ ಎತ್ತಿ ತಡೆದರು.

"ಮೇಡಂ, ತಪ್ಪು ಯಾರದು ಅಂತ ನಾನು ಕೇಳ್ಲಿಲ್ಲ."

ನಮ್ಮ ಮನೆಯಲ್ಲಿ ಹುಟ್ಟಿ ಬೆಳೆದ ನನಗೆ ಆ ಮಾತು ಕೇಳಿ ಒಂದು ಕ್ಷಣ ದಿಕ್ಕೇ ತೋಚಲಿಲ್ಲ.

"ಕಾರು ತಗುಲಿದ್ದು ನಿಜಾನಾ? ಜಾಗ ರಸ್ತೆ ತಾನೆ, ಕಾಂಪೌಂಡ್ ಒಳಗಲ್ಲ ತಾನೆ? ಅವತ್ತು ಇನ್ಶೂರೆನ್ಸ್ ಇತ್ತಾ? ಮೂರೂ ಹೌದಾದ್ರೆ ಒಂದು ದಾರಿ ಇದೆ. ಮೋಟಾರು ವಾಹನ ಕಾಯ್ದೆಯಲ್ಲೇ ಇರೋದು. ಮೂಳೆ ಮುರಿಯೋ ಅಂಥ ಪೆಟ್ಟಾದ್ರೆ ಇಷ್ಟು ಅಂತ ಕಾನೂನೇ ಗೊತ್ತು ಮಾಡಿದೆ. ಓಡಿಸ್ದೋರ ತಪ್ಪು ಅಂತ ನಾವು ಸಾಬೀತು ಮಾಡ್ಬೇಕಾಗಿಲ್ಲ. ಇನ್ನೊಂದು ದಾರೀಲಿ ಹೋದ್ರೆ ಜಾಸ್ತಿ ಸಿಗ್ಬಹುದು, ಆದ್ರೆ ಅಲ್ಲಿ ನಿಮ್ಮಣ್ಣಂದೇ ತಪ್ಪು ಅಂತ ತೋರಿಸ್ಬೇಕು. ಎರಡ್ರಲ್ಲಿ ಒಂದು ಆರಿಸ್ಕೊಳ್ಳಿ." ಆಮೇಲೆ ಆಸ್ಪತ್ರೆಯ ಕಾಗದ ನೋಡಿ ಹಣೆ ಒತ್ತಿಕೊಂಡರು. "ಬಚ್ಚಲು ಅಂತ ಯಾಕ್ ಹೇಳಿದ್ರಿ? ಕಂಪನಿಯವರು ಇದನ್ನೇ ಹಿಡ್ಕೊತಾರೆ. ನಿಮ್ಮಣ್ಣ ಪೊಲೀಸರ ಹತ್ರ, ಆಮೇಲೆ ಕೋರ್ಟಲ್ಲಿ ಕಾರು ತಗುಲಿತು ಅಂತ ಹೇಳ್ಬೇಕಾಗುತ್ತೆ. ಪೊಲೀಸರು ಅವರ ಮೇಲೆ ಕೇಸ್ ಹಾಕ್ಬಹುದು, ದಂಡ ಬೀಳ್ಬಹುದು. ಅದನ್ನ ಮುಚ್ಚಿಟ್ಟು ನಿಮ್ಮನ್ನ ಒಪ್ಸಲ್ಲ ನಾನು."

ಅಣ್ಣ ಒಪ್ಪಲಿಲ್ಲ. "ಸ್ವಂತ ಚಿಕ್ಕಮ್ಮನ ಕೈಲಿ ನನ್ನ ಮೇಲೇ ಕೇಸ್ ಹಾಕಿಸ್ತೀಯಾ?" ಎಂದು ಕೂಗಾಡಿದ. ಚಿಕ್ಕಮ್ಮನೂ ಒಪ್ಪಲಿಲ್ಲ. ಅವನಿಗೆ ಅ ಆ ಇ ಈ ತಿದ್ದಿಸಿದವಳು ಅವಳು. ಅವನನ್ನು ಕೋರ್ಟಿಗೆ ಎಳೆಯಲಾರೆ ಎಂದು ಗೋಡೆ ಕಡೆ ತಿರುಗಿ ಮಲಗಿದಳು. ನಾನು ಇಬ್ಬರ ಮೇಲೂ ಸಿಟ್ಟು ಮಾಡಿಕೊಂಡು ಮನೆಗೆ ಬಂದೆ.

ಚಿಕ್ಕಮ್ಮನನ್ನು ಒಪ್ಪಿಸಿದವರು ಅತ್ತಿಗೆ, ತಮಗೇ ತಿಳಿಯದೆ. ದೀಪಾವಳಿ ಹತ್ತಿರ ಬಂತು. ಚಿಕ್ಕಮ್ಮನ ಫೋನನ್ನು ಅತ್ತಿಗೆಯೇ ಎತ್ತುತ್ತಿದ್ದರು. ಒಂದು ಮಧ್ಯಾಹ್ನ ಚಿಕ್ಕಮ್ಮ ನಿದ್ದೆಯಿಂದೆದ್ದು ಕೇಳಿಸಿಕೊಂಡಳು: "ಹೂಂ, ಅವರು ಈಗ ಇಲ್ಲೇ ಇರೋದು. ಇನ್ಮೇಲೆ ಹೋಳಿಗೆ ಎಲ್ಲಾ ಇಲ್ಲಿಂದ್ಲೇ. ಅದೇ ರುಚಿ, ಅವರೇ ಹೇಳ್ಕೊಡ್ತಾರೆ." ಸಂಜೆ ಚಿಕ್ಕಮ್ಮ ನನಗೆ ಎಡಗೈಯಲ್ಲಿ ಫೋನ್ ಮಾಡಿದಳು. "ಆ ವಕೀಲಮ್ಮನ್ನ ಕರ್ಕೊಂಡು ಬಾ. ಅವನ ತಪ್ಪು ಅಂತ ನನ್ನ ಬಾಯಲ್ಲಿ ಹೇಳಿಸ್ಬೇಡಿ, ಆ ದಾರಿ ಬೇಡ, ದುಡ್ಡು ಕಮ್ಮಿ ಆದ್ರೂ ಪರ್ವಾಗಿಲ್ಲ. ಕಾರು ನನ್ನ ಕೈಮೇಲೆ ಹತ್ತಿತು. ಅಷ್ಟು ಹೇಳ್ತೀನಿ."

ವಕೀಲೆ ಬಂದರು. ಅಣ್ಣನ ಎದುರು ಕೂತು, ಅತ್ತಿಗೆ ಕೊಟ್ಟ ಕಾಫಿ ಕುಡಿಯುತ್ತಾ, ನಾವು ಯಾರೂ ಹೇಳದ ಮಾತೊಂದನ್ನು ಹೇಳಿದರು. "ಸಾರ್, ಈ ಅರ್ಜಿಯಲ್ಲಿ ನಿಮ್ಮದು ತಪ್ಪು ಅಂತ ಎಲ್ಲೂ ಬರೆಯಲ್ಲ. ಗಾಡಿ ನಿಮ್ಮದು, ತಗುಲಿತು, ಅಷ್ಟೇ."

ಅಣ್ಣನ ಮುಖ ಅರಳಿತು. "ಅಂದ್ರೆ ತಪ್ಪಿಲ್ಲ ಅಂತ ಕಾನೂನೇ ಒಪ್ಕೊಳ್ಳುತ್ತೆ."

"ಕಾನೂನು ಕೇಳೋದೇ ಇಲ್ಲ ಸಾರ್." ಅಣ್ಣ ತನಗೆ ಬೇಕಾದಷ್ಟನ್ನು ಮಾತ್ರ ಕೇಳಿಸಿಕೊಂಡ.

ಠಾಣೆಗೆ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೈಯಲ್ಲಿ ಬರೆದ ಹಲವು ಪುಟಗಳ ಹೇಳಿಕೆ ಹಿಡಿದು ಬಂದ. ನಿಂಬೆಹಣ್ಣಿನ ಗೋಳಾಕಾರದ ಬಗ್ಗೆಯೇ ಒಂದು ಪ್ಯಾರಾ ಇತ್ತು. ಅಲ್ಲಿನ ರೈಟರು ಅಷ್ಟನ್ನೂ ತಾಳ್ಮೆಯಿಂದ ಓದಿ, ಮಡಚಿ ವಾಪಸು ಕೊಟ್ಟು, "ಸಾರ್, ಇಷ್ಟು ದಿನ ಬಿಟ್ಟು ಬಂದಿದೀರ. ಹಿಂದಕ್ಕೆ ಬಿಡೋವಾಗ ಕೈಮೇಲೆ ಹತ್ತಿತು ಅಂತ ಹಾಕ್ಕೊಳ್ಲಾ?" ಎಂದರು. ಅಣ್ಣ ಹೂಂ ಎಂದ. ಠಾಣೆಯ ಮೆಟ್ಟಿಲು ಇಳಿಯುವಾಗ ಯಾರಾದರೂ ಪಾರ್ಕಿನವರು ನೋಡಿದರೇ ಎಂದು ಆಚೀಚೆ ನೋಡಿದ.

ಕೋರ್ಟಿನಲ್ಲಿ ವಿಚಾರಣೆಗೆ ಬರಲು ಕಾಲ ಹಿಡಿಯಿತು. ಚಿಕ್ಕಮ್ಮ ಹಟ ಹಿಡಿದು ಅಷ್ಟರಲ್ಲೇ ಔಟ್‌ಹೌಸಿಗೆ ಮರಳಿದ್ದಳು. ಬಾಡಿಗೆ ಬಾಕಿ ನಿಂತಿತ್ತು. ಕೇಸಿನ ದುಡ್ಡು ಬರುತ್ತದೆಂಬ ನಂಬಿಕೆಯ ಮೇಲೆ ಮಾಲೀಕರು ಸುಮ್ಮನಿದ್ದರು. ದುಡ್ಡು ಬಾರದಿದ್ದರೆ ಅಡುಗೆಮನೆಯ ಪಕ್ಕದ ಕೋಣೆ ಕಾದೇ ಇತ್ತು. ಅಣ್ಣನ ಮಾತಿನ ಮೇಲೆ ಎಲ್ಲವೂ ನಿಂತಿದೆ ಎಂದು ವಕೀಲೆ ಹೇಳಿದಾಗ ನನಗೆ ನಿದ್ದೆ ಹಾರಿಹೋಯಿತು. ಜೀವಮಾನದಲ್ಲಿ ಒಂದೂ ತಪ್ಪು ಮಾಡದವನ ಮಾತದು.

ಮೊದಲು ಚಿಕ್ಕಮ್ಮನ ಸಾಕ್ಷಿ. ಕಾರು ಹತ್ತಿತು ಎಂದಳು, ಬಚ್ಚಲು ಎಂದದ್ದು ಸುಳ್ಳು ಎಂದಳು, ಮರ್ಯಾದೆಗೆ ಹೆದರಿ ಹೇಳಿದೆ ಎಂದಳು. ಮುಗಿದ ಮೇಲೆ ರುಜು ಹಾಕಬೇಕಿತ್ತು. ಬಲಗೈಯಲ್ಲಿ ಪೆನ್ನು ನಿಲ್ಲಲಿಲ್ಲ, ಜಾರಿ ಬಿತ್ತು. ಅಲ್ಲಿನ ಸಿಬ್ಬಂದಿ ಇಂಕಿನ ಪ್ಯಾಡ್ ಮುಂದೆ ತಳ್ಳಿ, "ಓದೋಕೆ ಬರೆಯೋಕೆ ಬರಲ್ವಾ ಅಜ್ಜಿ? ಹೆಬ್ಬೆಟ್ಟು ಒತ್ತಿ" ಎಂದ.

"ಬರುತ್ತೆ ಕಣಪ್ಪಾ" ಎಂದಳು ಚಿಕ್ಕಮ್ಮ. "ಕೈ ಬರಲ್ಲ." ಎಡಗೈ ಹೆಬ್ಬೆಟ್ಟು ಒತ್ತಿ, ಇಂಕನ್ನು ಸೆರಗಿಗೆ ಒರೆಸಿಕೊಂಡು ಬಂದು ಕೂತಳು. ಅಣ್ಣ ಆ ಹೆಬ್ಬೆಟ್ಟನ್ನೇ ನೋಡುತ್ತಿದ್ದ.

ಆಮೇಲೆ ಅವನ ಸರದಿ. ಇನ್ಶೂರೆನ್ಸ್ ಕಂಪನಿಯ ಪರ ವಕೀಲರು ಬಲು ನಯವಂತರು. ಅಣ್ಣನ ಬ್ಯಾಂಕ್ ಸೇವೆಯನ್ನು ಹೊಗಳಿದರು. ಇಷ್ಟು ವರ್ಷ ಗಾಡಿ ಓಡಿಸಿದ್ದೀರಿ, ಒಂದು ದಂಡವನ್ನೂ ಕಟ್ಟಿಲ್ಲ, ಅಲ್ಲವೇ ಎಂದರು. ಅಣ್ಣ ಹೌದೆಂದ. ಎಚ್ಚರಿಕೆಯ ಚಾಲಕರು ನೀವು ಎಂದರು. ಹೌದೆಂದ. ಆಮೇಲೆ ಕೋರ್ಟಿನ ಭಾಷೆಯಲ್ಲಿ ಕೇಳಿದರು: "ನಿಮ್ಮ ಕಾರು ಆಕೆಗೆ ತಗುಲಲೇ ಇಲ್ಲ, ಪರಿಹಾರದ ಆಸೆಗೆ ಮನೆಯವರೆಲ್ಲ ಸೇರಿ ನಿಮ್ಮ ತಲೆಗೆ ಕಟ್ಟಿದ್ದಾರೆ ಎಂದರೆ ಸರಿಯೇ?"

ತಪ್ಪು ತನ್ನದಲ್ಲ ಎಂದು ಇಷ್ಟು ದಿನ ಊರಿಗೆಲ್ಲ ಹೇಳಿಕೊಂಡು ಬಂದ ಅಣ್ಣನಿಗೆ ಬೇಕಾದ ಮಾತನ್ನೇ ಆ ಮನುಷ್ಯ ತಟ್ಟೆಯಲ್ಲಿಟ್ಟು ಮುಂದೆ ಹಿಡಿದಿದ್ದರು. ಹೌದು ಎಂದರೆ ಸಾಕು, ಜಯನಗರದಲ್ಲಿ ಅವನಷ್ಟು ನಿರಪರಾಧಿ ಇನ್ನೊಬ್ಬನಿರುತ್ತಿರಲಿಲ್ಲ.

"ಸರಿಯಲ್ಲ" ಎಂದ ಅಣ್ಣ.

ವಕೀಲರು ಮುಂದಿನ ಪ್ರಶ್ನೆಗೆ ಹೋಗುತ್ತಿದ್ದರು. ಅಣ್ಣ ನಿಲ್ಲಿಸಲಿಲ್ಲ. "ಕಾರು ಹತ್ತಿತು. ಬೀಪ್ ಕೇಳಿಸ್ತಿತ್ತು ನನಗೆ. ಪರದೆಯಲ್ಲಿ ಏನೂ ಕಾಣ್ತಿರ್ಲಿಲ್ಲ. ಇಳಿದು ನೋಡ್ಬೇಕಿತ್ತು, ನೋಡ್ಲಿಲ್ಲ. ತಪ್ಪು ನಂದು."

ಟೈಪ್ ಮಾಡುತ್ತಿದ್ದ ಹೆಣ್ಣುಮಗಳ ಕೈ ನಿಂತಿತು. ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿ, "ಅದನ್ನ ಇಲ್ಲಿ ಯಾರೂ ಕೇಳ್ಲಿಲ್ವಲ್ಲ" ಎಂದರು.

"ಗೊತ್ತು ಸಾರ್" ಎಂದ ಅಣ್ಣ. ಚಿಕ್ಕಮ್ಮ ತಲೆ ಎತ್ತಲಿಲ್ಲ, ಇಂಕಾದ ಹೆಬ್ಬೆಟ್ಟನ್ನು ಉಜ್ಜುತ್ತಲೇ ಇದ್ದಳು. ನಾನಂತೂ ನಾಚಿಕೆ ಬಿಟ್ಟು ಅತ್ತೆ.

ಪರಿಹಾರದ ಆದೇಶ ಆಮೇಲೆ ಬಂತು. ಕಂಪನಿ ದುಡ್ಡು ಕಟ್ಟಿತು, ಬಾಡಿಗೆ ಬಾಕಿ ತೀರಿತು. ಔಟ್‌ಹೌಸಿನಲ್ಲಿ ಈಗ ಒಬ್ಬ ಹೆಂಗಸು ಬಂದು ಹೋಳಿಗೆ ತಟ್ಟುತ್ತಾಳೆ, ಚಿಕ್ಕಮ್ಮ ಪಕ್ಕದಲ್ಲಿ ಕೂತು ಬೈಯುತ್ತಾಳೆ. ಪೊಲೀಸರು ಹಾಕಿದ ಕೇಸಿನಲ್ಲಿ ಅಣ್ಣನಿಗೆ ದಂಡವೂ ಬಿತ್ತು; ಕಟ್ಟಿದ. ಸಾರಿನ ಉಪ್ಪು ಮಾತ್ರ ಈಗಲೂ ಅತ್ತಿಗೆಯದೇ ತಪ್ಪು.

ಸಾಕ್ಷಿ ಹೇಳಿದ ಆ ದಿನ ಕೋರ್ಟಿನಿಂದ ಅಣ್ಣನೇ ನಮ್ಮನ್ನು ಕಾರಿನಲ್ಲಿ ಬನಶಂಕರಿಗೆ ಕರೆತಂದ. ಬೇಕರಿಯ ಮುಂದೆ ನಿಲ್ಲಿಸಿದ. "ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು. ಏನು ತರ್ಲಿ ಚಿಕ್ಕಮ್ಮ?"

ಚಿಕ್ಕಮ್ಮ ಒಮ್ಮೆ ನನ್ನ ಮುಖ ನೋಡಿದಳು, ಒಮ್ಮೆ ಅವನ ಮುಖ ನೋಡಿದಳು. "ಎಗ್ ಪಫ್ಸ್" ಎಂದಳು.

ಅಣ್ಣ ಇಳಿದು ಹೋಗಿ, ಕಾಗದದ ತಟ್ಟೆಯಲ್ಲಿ ತಂದ. ಸಾಸಿನ ಪೊಟ್ಟಣವನ್ನು ಚಿಕ್ಕಮ್ಮ ಒಂದೇ ಕೈಯಲ್ಲಿ ಹರಿಯಲು ನೋಡಿದಳು, ಆಗಲಿಲ್ಲ. ಅವನು ಅದನ್ನು ಅವಳ ಕೈಯಿಂದ ತೆಗೆದುಕೊಂಡು, ಹಲ್ಲಿನಲ್ಲಿ ಕಚ್ಚಿ ಹರಿದು, ಪಫ್ಸಿನ ಮೇಲೆ ಹಿಂಡಿಕೊಟ್ಟ.